ನಾನಿಲ್ಲ ಅಂತ ಹೇಳು

(ಚಿತ್ರದುರ್ಗದಲ್ಲಿ ಆಪ್ತಸಮಾಲೋಚಕರು, ನರ್ಸ್‌ಗಳು, ಸಮಾಜಕಾರ್ಯದ ವಿದ್ಯಾರ್ಥಿಗಳು ಮತ್ತು ಕೆಲವು ಕುಟುಂಬದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಆಡುವಾಗ ಅಲ್ಲಲ್ಲಿ ದಾರಿ ತಪ್ಪಿದ್ದೆ, ಬರೆಯುವಾಗ ಪೂರ್ತಿ ಸರಿಮಾಡಲು ಹೋಗಿಲ್ಲ. ರೋಗಿಗಳ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ದಾವಣಗೆರೆಯಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು "ಎಲ್ಲಿಗ್ರಿ?" ಅಂದರು. ದುರ್ಗಕ್ಕೆ, ಒಂದು ಭಾಷಣ ಐತೆ ಅಂದೆ. "ಯಾವುದರ ಮೇಲೆ?" "ಕುಡಿತ ಬಿಡಿಸೋರಿಗೆ ಆಗೋ ಸುಸ್ತಿನ ಮೇಲೆ." ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಕುಡಿಯೋರಿಗೇ ಇಲ್ಲದ ಸುಸ್ತು ಬಿಡಿಸೋರಿಗೆ ಯಾಕ್ರಿ?" ಅಂದರು. ಭರಮಸಾಗರ ದಾಟಿದರೂ ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರದ ಬದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಒಂದು ಸೋಮವಾರ. ನಾನಾಗ ಕೆಲಸ ಮಾಡುತ್ತಿದ್ದ ಕುಡಿತ ಬಿಡಿಸುವ ಕೇಂದ್ರದ ಮಹಡಿಯ ಕಿಟಕಿಯಿಂದ ಗೇಟು ಕಾಣುತ್ತಿತ್ತು. ಚನ್ನಗಿರಿ ಕಡೆಯ ಅಡಿಕೆ ತೋಟದ ಆಳು ಒಬ್ಬ ಗೇಟು ದಾಟಿ ಬಂದ. ನಾಲ್ಕು ವರ್ಷದಲ್ಲಿ ಐದು ಸಲ ಅಡ್ಮಿಟ್ ಆದವನು. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನಡಿಗೆ ನೋಡಿಯೇ ಕುಡಿದಿದ್ದಾನೋ ಇಲ್ಲವೋ ಹೇಳಬಲ್ಲೆ ಅಂತ ನನಗೊಂದು ಜಂಬ ಇತ್ತು. ಅವತ್ತು ಮಾತ್ರ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಸಿಸ್ಟರ್‌ಗೆ "ನಾನಿಲ್ಲ ಅಂತ ಹೇಳು" ಅಂದು ರೆಕಾರ್ಡ್ ರೂಮಿಗೆ ಹೋಗಿ ಕೂತೆ. ಒಂದು ಗಂಟೆ. ಕಡತಗಳ ನಡುವೆ ಅವನ ಫೈಲೂ ಇತ್ತು. ನನ್ನ ಅಕ್ಷರವೇ ಅದರಲ್ಲಿ ಹದಿನೈದು ಪುಟ.

ಅವನು ಗಲಾಟೆ ಮಾಡಲಿಲ್ಲ. ಬೆಂಚಿನ ಮೇಲೆ ಕೂತಿದ್ದು ಎದ್ದು ಹೋದ. ನಾನು ಹೊರಗೆ ಬಂದಾಗ ಸಿಸ್ಟರ್, "ಹೋದ ಮೇಡಂ. ಏನೋ ಹೇಳ್ಬೇಕಿತ್ತಂತೆ" ಅಂದರು. ಅಷ್ಟೇ. ಆಮೇಲೆ ಅವನು ಬರಲಿಲ್ಲ. ಏನು ಹೇಳಬೇಕಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ.

ಇದರಲ್ಲಿ ನೀವು ಗಮನಿಸಬೇಕಾದ್ದು ಒಂದಿದೆ. ಆ ಸೋಮವಾರ ನಾನು ದಣಿದಿರಲಿಲ್ಲ. ನಾಲ್ಕು ದಿನ ರಜ ಹಾಕಿ, ತವರಿಗೆ ಹೋಗಿ, ಚೆನ್ನಾಗಿ ಉಂಡು ಮಲಗಿ ಎದ್ದು ಬಂದಿದ್ದೆ. ಹಾಗಿದ್ದೂ ಒಬ್ಬ ಮನುಷ್ಯನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಇದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ಈಗ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರ ಬಾಯಲ್ಲೆಲ್ಲ ಓಡಾಡುವ ಮಾತು. ಆದರೆ ಪದ ಹುಟ್ಟಿದ್ದು ನಮ್ಮ ಮನೆಯಲ್ಲಿ, ಅಂದರೆ ವ್ಯಸನಿಗಳ ಜೊತೆ ಕೆಲಸ ಮಾಡುವವರ ನಡುವೆ. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಇದ್ದರು. ಹುಡುಗನಾಗಿದ್ದಾಗ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ. ಹಗಲೆಲ್ಲ ತಮ್ಮ ಸ್ವಂತ ಕ್ಲಿನಿಕ್ಕಿನಲ್ಲಿ ದುಡಿದು, ಸಂಜೆಯಿಂದ ರಾತ್ರಿಯವರೆಗೆ ಒಂದು ಉಚಿತ ಚಿಕಿತ್ಸಾಲಯಕ್ಕೆ ಹೋಗುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಮಾದಕ ವಸ್ತುಗಳಿಗೆ ಸಿಕ್ಕಿಬಿದ್ದ ಹುಡುಗ ಹುಡುಗಿಯರು ತುಂಬ. ಸೇವೆ ಮಾಡಲು ಹುಮ್ಮಸ್ಸಿನಿಂದ ಬಂದ ಸ್ವಯಂಸೇವಕರು ವರ್ಷ ತುಂಬುವ ಹೊತ್ತಿಗೆ ಸಪ್ಪಗಾಗುವುದು, ಸಿಡುಕುವುದು, ಯಾವುದರಲ್ಲೂ ನಂಬಿಕೆಯಿಲ್ಲದೆ ಮಾತಾಡುವುದು ಅವರ ಕಣ್ಣಿಗೆ ಬಿತ್ತು. ತಮ್ಮೊಳಗೂ ಅದನ್ನೇ ಕಂಡರು. 1974ರಲ್ಲಿ ಅದರ ಬಗ್ಗೆ ಬರೆದರು. ಅವರು ಬಳಸಿದ ಪದ ಬೀದಿಯಿಂದ ಬಂದದ್ದು. ಮಾದಕ ವಸ್ತು ಸೇವಿಸಿ ಸೇವಿಸಿ ಒಳಗೆ ಏನೂ ಉಳಿಯದವರನ್ನು ಅಲ್ಲಿಯ ಜನ ಹಾಗೆ ಕರೆಯುತ್ತಿದ್ದರು. ರೋಗಿಗೆ ಅಂಟಿದ್ದ ಹೆಸರನ್ನು ಚಿಕಿತ್ಸೆ ಕೊಡುವವರು ತಮಗೇ ಇಟ್ಟುಕೊಂಡರು. ಐವತ್ತು ವರ್ಷ ಆಯಿತು. ನಮ್ಮ ಕೇಂದ್ರಗಳಲ್ಲಿ ಈಗಲೂ ಅದನ್ನು ಹೊಸ ಫ್ಯಾಷನ್ ಅಂದುಕೊಂಡವರಿದ್ದಾರೆ.

ಕನ್ನಡದಲ್ಲಿ ಇದಕ್ಕೆ ಏನನ್ನಬೇಕು ಅಂತ ತುಂಬ ಯೋಚಿಸಿದ್ದೇನೆ. ಸುಸ್ತು ಅನ್ನೋಣ ಅಂದರೆ ಸುಸ್ತು ಮಲಗಿ ಎದ್ದರೆ ಹೋಗುತ್ತದೆ. ಬೇಸರ ಅಂದರೆ ಸಣ್ಣದಾಯಿತು. ಕರಕಲಾಗುವುದು ಅಂದರೆ ಒಲೆಯ ಮೇಲೆ ಮರೆತ ಪಲ್ಯದ ನೆನಪಾಗುತ್ತದೆ. ಈ ಜಿಲ್ಲೆಯವರಿಗೆ ವಿವರಿಸಬೇಕಿಲ್ಲದ ಒಂದು ಪದ ಇದೆ: ಬತ್ತುವುದು. ಬೋರು ಬತ್ತುತ್ತದಲ್ಲ, ಹಾಗೆ. ಹೊರಗಿನಿಂದ ನೋಡಿದರೆ ಏನೂ ಬದಲಾಗಿರುವುದಿಲ್ಲ. ಮೋಟರು ಓಡುತ್ತದೆ, ಸದ್ದು ಬರುತ್ತದೆ, ಕರೆಂಟಿನ ಬಿಲ್ಲೂ ಬರುತ್ತದೆ. ಪೈಪಿನಲ್ಲಿ ಮಾತ್ರ ಗಾಳಿ. ಆಗ ರೈತ ಏನು ಮಾಡುತ್ತಾನೆ? ಸಾಲ ಮಾಡಿ ಇನ್ನೂ ಇನ್ನೂರು ಅಡಿ ಕೊರೆಸುತ್ತಾನೆ. ನಾವೂ ಅದನ್ನೇ ಮಾಡುತ್ತೇವೆ. ಬೆಳಿಗ್ಗೆ ಒಂದು ಗಂಟೆ ಮುಂಚೆ ಹೋಗುತ್ತೇವೆ, ಭಾನುವಾರವೂ ಫೋನ್ ಎತ್ತುತ್ತೇವೆ, ಇನ್ನೊಂದು ಸರ್ಟಿಫಿಕೇಟ್ ಕೋರ್ಸಿಗೆ ಸೇರುತ್ತೇವೆ.

ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ ಮೂರು ಭಾಗ: ಭಾವನೆ ಬರಿದಾಗುವುದು, ಎದುರಿಗಿರುವವರು ಮನುಷ್ಯರಾಗಿ ಕಾಣದಿರುವುದು, ನಾನು ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಅನ್ನಿಸುವುದು. ಒಂದನೆಯದು ನಮಗೆ ತಾನಾಗಿ ಗೊತ್ತಾಗುತ್ತದೆ. ಎರಡನೆಯದು ಗೊತ್ತಾಗುವುದಿಲ್ಲ, ಯಾಕೆಂದರೆ ಅದು ತಮಾಷೆಯ ವೇಷದಲ್ಲಿ ಬರುತ್ತದೆ. ಒಂದು ಕಾಲಕ್ಕೆ ನಮ್ಮ ವಾರ್ಡಿನಲ್ಲಿ ಯಾರಿಗೂ ಹೆಸರಿರಲಿಲ್ಲ. "ಏಳನೇ ಬೆಡ್ಡು ಮತ್ತೆ ಬಂತು." ಬಂದ ಅಲ್ಲ, ಬಂತು. ಡಿಸ್ಚಾರ್ಜ್ ಆಗಿ ಹೋಗುವವನ ಬೆನ್ನಿಗೆ "ಬಸ್ ಸ್ಟ್ಯಾಂಡ್ ದಾಟ್ತಾನಾ?" ಅಂತ ನಾವು ನಾವೇ ಚಹಾದ ಬಾಜಿ ಕಟ್ಟುತ್ತಿದ್ದೆವು. ನೀವು ನಗುತ್ತಿದ್ದೀರಿ, ನಾನೂ ನಕ್ಕಿದ್ದೇನೆ. ರೋಗಿಗಳೂ ತಮಾಷೆ ಮಾಡುತ್ತಾರೆ, ಅದು ಬೇರೆ. ಚಳ್ಳಕೆರೆಯವನೊಬ್ಬನನ್ನು ಊರು ಯಾವುದಪ್ಪ ಅಂದರೆ, "ಎಣ್ಣೆ ನಗರ ಮೇಡಂ, ಊರಿಗೇ ಆ ಹೆಸರಿರುವಾಗ ನನ್ನದೇನು ತಪ್ಪು?" ಅಂದಿದ್ದ. ಶೇಂಗಾ ಎಣ್ಣೆಯ ಗಿರಣಿಗಳಿಗೆ ಇದು ಗೊತ್ತಾಗದಿರಲಿ. ಅವನ ತಮಾಷೆ ಅವನನ್ನು ಬದುಕಿಸುತ್ತಿತ್ತು. ನಮ್ಮ ತಮಾಷೆ ಅವನನ್ನು ಬೆಡ್ಡು ಮಾಡುತ್ತಿತ್ತು. ಹಾಗಾಗಿ ಬತ್ತುವುದಕ್ಕೆ ಶುರುವಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ನಿಮ್ಮ ಬಾಯಿಂದ ಬರುವ ಮಾತಿಗೆ ಕಿವಿಗೊಡಿ. ನಾಡಿಗಿಂತ ಮೊದಲು ನಾಲಗೆ ಕೆಡುತ್ತದೆ.

ಮೂರನೆಯದರ ಬಗ್ಗೆ ಇವತ್ತು ಹೆಚ್ಚು ಹೇಳಬೇಕು. ಯಾಕೆಂದರೆ ನಮ್ಮ ಕ್ಷೇತ್ರದವರನ್ನು ಕೆಡವುವುದು ಅದು.

ನಾನು ಕೆಲಸಕ್ಕೆ ಸೇರಿ ಎರಡು ವರ್ಷಕ್ಕೆ, 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಇನ್ನು ನಮಗೆ ಕೆಲಸ ಕಡಿಮೆ ಅಂದುಕೊಂಡವರಲ್ಲಿ ನಾನೂ ಒಬ್ಬಳು. ಪ್ಯಾಕೆಟ್ಟಿನ ಜಾಗಕ್ಕೆ ನೈಂಟಿ ಬಂತು. ಖರ್ಚು ಜಾಸ್ತಿಯಾಯಿತು, ವಾರ್ಡು ಹಾಗೇ ಉಳಿಯಿತು. ಆಗ ನಮ್ಮ ರಿಜಿಸ್ಟರಿನಲ್ಲಿ ಕೊನೆಯ ಕಾಲಂ ಒಂದೇ: ಬಿಟ್ಟರು, ಬಿಟ್ಟಿಲ್ಲ. ತಿಂಗಳ ಕೊನೆಗೆ ಕೂಡಿಸಿ ಮೇಲಕ್ಕೆ ಕಳಿಸಬೇಕು. ಬಿಟ್ಟವರು ಕಡಿಮೆಯಾದರೆ "ಯಾಕ್ರಿ ಮೇಡಂ, ಕೌನ್ಸೆಲಿಂಗ್ ಸರಿಯಾಗಿ ಆಗ್ತಿಲ್ವಾ?" ಅಂತ ಕೇಳುತ್ತಿದ್ದರು. ಕೇಳುವವರು ಒಳ್ಳೆಯವರೇ. ಪ್ರಶ್ನೆ ಮಾತ್ರ ವಿಷ.

2000ದಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಥಾಮಸ್ ಮೆಕ್‌ಲೆಲನ್ ಮತ್ತು ಸಂಗಡಿಗರು ಒಂದು ಹೋಲಿಕೆ ಮಾಡಿದರು. ವ್ಯಸನಕ್ಕೆ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದೊಳಗೆ ಮತ್ತೆ ಶುರುಮಾಡುವವರು ಶೇ. 40ರಿಂದ 60. ಬಿಪಿ ಮತ್ತು ಅಸ್ತಮಾ ರೋಗಿಗಳಲ್ಲಿ ಕಾಯಿಲೆ ಮತ್ತೆ ಕೈಮೀರುವುದು ಶೇ. 50ರಿಂದ 70. ಅಂದರೆ ನಮ್ಮ ಲೆಕ್ಕ ಅವರದಕ್ಕಿಂತ ಕಡೆಯೇನಲ್ಲ. ಆದರೆ ನಿಮ್ಮ ಊರಿನ ಫಿಜಿಷಿಯನ್ ಒಬ್ಬರನ್ನು ನೆನಪಿಸಿಕೊಳ್ಳಿ. ಬಿಪಿಯ ಅಜ್ಜ ಮಾತ್ರೆ ಬಿಟ್ಟು, ಉಪ್ಪಿನಕಾಯಿ ತಿಂದು, ತಲೆ ತಿರುಗಿ ಮತ್ತೆ ಬಂದರೆ ಡಾಕ್ಟರು ಬೈಯುತ್ತಾರೆ, ಮಾತ್ರೆ ಬದಲಿಸುತ್ತಾರೆ, ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡುತ್ತಾರೆ. ತಾನು ಸೋತೆ ಅಂತ ರೆಕಾರ್ಡ್ ರೂಮಿನಲ್ಲಿ ಅಡಗಿ ಕೂರುವುದಿಲ್ಲ.

ನಾವು ಯಾಕೆ ಕೂರುತ್ತೇವೆ? ಒಂದು ಕಾರಣ, ಊರಿನ ಹಾಗೆ ನಾವೂ ಒಳಗೊಳಗೆ ಕುಡಿತವನ್ನು ಕಾಯಿಲೆ ಅಂತ ನಂಬಿಲ್ಲ. ಬಾಯಲ್ಲಿ ಕಾಯಿಲೆ ಅನ್ನುತ್ತೇವೆ, ಹೊಟ್ಟೆಯಲ್ಲಿ ಮಾತು ತಪ್ಪಿದ ಅನ್ನುತ್ತೇವೆ. ಮಾತು ತಪ್ಪಿದವನ ಮೇಲೆ ಸಿಟ್ಟು ಬರುತ್ತದೆ. ಆ ಸಿಟ್ಟಿಗೆ ಹೋಗಲು ಜಾಗವಿಲ್ಲದಾಗ ಅದು ನಮ್ಮ ಮೇಲೇ ತಿರುಗುತ್ತದೆ.

ಇನ್ನೊಂದು ಕಾರಣ ಮನೆಯವರು. ತಪ್ಪು ತಿಳಿಯಬೇಡಿ, ಇಲ್ಲಿ ಹಲವರು ಕೂತಿದ್ದೀರಿ. ವಾರಕ್ಕೊಬ್ಬರಾದರೂ ಬಂದು, "ಅವರಿಗೆ ಗೊತ್ತಾಗದ ಹಂಗೆ ಸಾರಿನಾಗೆ ಬೆರೆಸಿ ಕೊಡೋ ಮಾತ್ರೆ ಕೊಡ್ರಿ" ಅನ್ನುತ್ತಾರೆ. ಅವರು ಕೇಳುವುದು ಡೈಸಲ್ಫಿರಾಂ. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಜೀವಕ್ಕೂ ಅಪಾಯ. ಕುಡಿಯುವವನಿಗೆ ತಿಳಿಸಿ, ಅವನ ಒಪ್ಪಿಗೆಯಿಂದ ಕೊಡಬೇಕಾದ ಮದ್ದು ಅದು. ಇಲ್ಲ ಅಂದರೆ ಆ ತಾಯಿಯ ಕಣ್ಣಲ್ಲಿ ನಾವು ಕಟುಕರು. "ಹಂಗಾರೆ ನೀವಿರೋದು ಯಾಕೆ?" ಅಂತ ನನ್ನನ್ನು ಕೇಳಿದ ತಾಯಿಗೆ ನಾನೇನು ಹೇಳಿದೆ ನೆನಪಿಲ್ಲ. ಪ್ರಶ್ನೆ ಮಾತ್ರ ರಾತ್ರಿ ಮನೆಗೆ ಬಂತು.

ದೇಶದ ಲೆಕ್ಕವನ್ನೂ ನೋಡೋಣ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು 5.7 ಕೋಟಿ. ಮದ್ಯಕ್ಕೆ ಪೂರ್ತಿ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಈ ಅಂಕಿ ಕೇಳಿದಾಗ ಹೊಸಬರಿಗೆ ಎದೆ ಒಡೆಯುತ್ತದೆ. ನನಗೆ ಮೊದಲ ಸಲ ಓದಿದಾಗ ಒಂದು ಬಗೆಯ ನೆಮ್ಮದಿಯಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಇಷ್ಟು ದೊಡ್ಡ ಕೆರೆಯನ್ನು ನನ್ನ ಒಂದು ಚೊಂಬಿನಿಂದ ಖಾಲಿ ಮಾಡುವುದು ನನ್ನ ಕೆಲಸವೇ ಆಗಿರಲಿಲ್ಲ.

ನಾವು ಕಾಲಂ ಬದಲಿಸಿದೆವು. ಅಧಿಕೃತ ರಿಜಿಸ್ಟರ್ ಹಾಗೇ ಇತ್ತು, ಪಕ್ಕದಲ್ಲಿ ನಮ್ಮದೇ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟೆವು. ಅದರಲ್ಲಿ ಬೇರೆ ಪ್ರಶ್ನೆಗಳು. ಜಾರಿದ ಮೇಲೆ, ಅಂದರೆ ಬಿಟ್ಟವನು ಮತ್ತೆ ಕುಡಿಯಲು ಶುರುಮಾಡಿದ ಮೇಲೆ, ಎಷ್ಟು ದಿನಕ್ಕೆ ವಾಪಸ್ ಬಂದ? ಯಾರು ಕರೆತಂದರು? ಈ ಸಲ ಫಿಟ್ಸ್ ಬಂತಾ? ಹೆಂಡತಿ ರಾತ್ರಿ ಮಲಗುತ್ತಾಳಾ? ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲಿ ಒಬ್ಬ ಇದ್ದ. ಮೊದಲ ಸಲ ಜಾರಿದಾಗ ಏಳು ತಿಂಗಳು ಕುಡಿದು, ಕಣ್ಣೆಲ್ಲ ಹಳದಿಯಾಗಿ, ಅಣ್ಣತಮ್ಮಂದಿರ ಹೆಗಲ ಮೇಲೆ ಬಂದ. ಎರಡನೇ ಸಲ ಎರಡು ತಿಂಗಳು. ಮೂರನೇ ಸಲ ಜಾರಿದ ನಾಲ್ಕನೇ ದಿನ, ತನ್ನ ಕಾಲ ಮೇಲೆ, ಆಟೋದವನಿಗೆ ತಾನೇ ದುಡ್ಡು ಕೊಟ್ಟು ಇಳಿದು ಬಂದ. ಹಳೆಯ ರಿಜಿಸ್ಟರಿನಲ್ಲಿ ಇದು "ಬಿಟ್ಟಿಲ್ಲ, ಮೂರನೇ ಸಲ". ನಮ್ಮ ನೋಟ್‌ಬುಕ್ಕಿನಲ್ಲಿ ಏಳು ತಿಂಗಳಿದ್ದದ್ದು ನಾಲ್ಕು ದಿನಕ್ಕೆ ಇಳಿದಿತ್ತು. ಆ ಸಾಲು ಬರೆಯುವಾಗ ನಮ್ಮ ಸಿಸ್ಟರ್ ಅತ್ತುಬಿಟ್ಟರು. ಬಹಳ ವರ್ಷಗಳಿಂದ ಅವರಿಗೆ ಯಾರೂ ನಿಮ್ಮ ಕೆಲಸ ಫಲ ಕೊಟ್ಟಿದೆ ಅಂತ ತೋರಿಸಿರಲಿಲ್ಲ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಮಾತು ನಿಮಗೆಲ್ಲ ಗೊತ್ತು, "ಮಾಡಿದಷ್ಟು ನೀಡು ಭಿಕ್ಷೆ." ನಮ್ಮ ವಾರ್ಡಿನ ಅಟೆಂಡರ್ ಆ ಕಡೆಯವನು, ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವನೇ ಅದನ್ನು ಬರೆದಿಟ್ಟ. ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಅಂತ ಕೂಲಿಯವರಿಗೆ ಹೇಳಿದ ಮಾತು ರೋಗಿಗಳಿಗೆ ಹೇಗೆ ಹೊಂದುತ್ತದೋ ಅಂತ ನಾನು ವಾದ ಮಾಡಿದ್ದೆ. "ಎಷ್ಟು ದಿನ ಬಿಟ್ಟನೋ ಅಷ್ಟು ದಿನದ ಲೆಕ್ಕ ಕೊಡ್ರಿ ಅವನಿಗೆ, ಅಷ್ಟೇ" ಅಂದ.

ಆ ಅಟೆಂಡರ್ ಬಗ್ಗೆಯೂ ಹೇಳಬೇಕು. ಈ ಸಭೆಯಲ್ಲಿ ವಾರ್ಡ್ ಅಟೆಂಡರ್ ಎಷ್ಟು ಜನ ಇದ್ದೀರಿ, ಕೈ ಎತ್ತಿ. (ಯಾರೂ ಎತ್ತಲಿಲ್ಲ.) ನೋಡಿ. ಬರ್ನ್‌ಔಟ್ ಅಂದರೆ ಡಾಕ್ಟರು, ಕೌನ್ಸೆಲರ್, ಹೆಚ್ಚೆಂದರೆ ನರ್ಸು. ರಾತ್ರಿ ಎರಡು ಗಂಟೆಗೆ ಏಟು ತಿನ್ನುವವನಿಗೆ ಆಹ್ವಾನ ಪತ್ರಿಕೆ ಹೋಗುವುದಿಲ್ಲ.

ಕುಡಿತ ನಿಂತ ಎರಡು ಮೂರನೇ ದಿನಕ್ಕೆ ಕೆಲವರಿಗೆ ಡಿಲೀರಿಯಂ ಬರುತ್ತದೆ. ಬೆವರು, ನಡುಕ, ಎಲ್ಲಿದ್ದೇನೆಂಬ ಅರಿವಿಲ್ಲ, ಇಲ್ಲದ್ದು ಕಾಣುತ್ತದೆ. ತನ್ನ ದಿನನಿತ್ಯದ ಕಸುಬನ್ನೇ ಹಾಸಿಗೆಯ ಮೇಲೆ ಮಾಡತೊಡಗುವುದೂ ಉಂಟು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತು ವರ್ಷ ಬೆಂದವನೊಬ್ಬ ಬಂದಿದ್ದ. ಬೆಂದವನು ಅನ್ನುವುದು ಅಲಂಕಾರಕ್ಕಲ್ಲ, ಆ ಬಿಸಿ, ಆ ಹೊಗೆಯಲ್ಲಿ ನಿಂತವರಿಗೆ ಸಂಜೆ ಮೈಕೈ ನೋವಿಗೆ ಒಂದು ನೈಂಟಿ ಮದ್ದಾಗಿ ಶುರುವಾಗುತ್ತದೆ. ಮೂರನೇ ರಾತ್ರಿ ಅವನು ಎದ್ದು ಕೂತು ಗಾಳಿಯಲ್ಲಿ ಬಾಣಲೆ ಕೆದಕತೊಡಗಿದ. "ಭಟ್ಟಿ ಆರ್ತಾ ಐತೆ, ಹೊಟ್ಟು ಹಾಕಲೇ!" ಅಂತ ಕೂಗುತ್ತಿದ್ದ. ಹಿಡಿಯಲು ಹೋದ ಅಟೆಂಡರನ ದವಡೆಗೆ ಒಂದು ಬಿತ್ತು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ಅದು ಕೆಲಸ ಮಾಡುವವರೆಗೆ ಯಾರಾದರೂ ಪಕ್ಕದಲ್ಲಿ ಇರಬೇಕಲ್ಲ. ಅಟೆಂಡರ್ ಮಂಚದ ಕಾಲಬಳಿ ಕೂತು, "ಹಾಕ್ದೆ ಅಣ್ಣ, ಹಾಕ್ದೆ, ಚೆನ್ನಾಗಿ ಉರೀತೈತೆ ನೋಡು" ಅಂತ ಬೆಳಗಿನ ಜಾವದವರೆಗೂ ಇಲ್ಲದ ಭಟ್ಟಿಗೆ ಇಲ್ಲದ ಹೊಟ್ಟು ಹಾಕಿದ. ಯಾವ ಪುಸ್ತಕದಲ್ಲೂ ಅವನಿಗೆ ಇದನ್ನು ಕಲಿಸಿರಲಿಲ್ಲ. (ಪುಸ್ತಕ ಓದಿದವರು ರೋಗಿಯ ಭ್ರಮೆಗೆ ಹೂಂಗುಟ್ಟಬಾರದಿತ್ತು ಅನ್ನಬಹುದು. ಅವರು ಬಂದು ಒಂದು ನೈಟ್ ಡ್ಯೂಟಿ ಮಾಡಲಿ.) ಬೆಳಿಗ್ಗೆ ಎಂಟಕ್ಕೆ ಅಟೆಂಡರ್ ಊದಿದ ದವಡೆಯಲ್ಲೇ ಎರಡನೇ ಕೆಲಸಕ್ಕೆ ಹೋದ, ಯಾಕೆಂದರೆ ಆ ಕೇಂದ್ರದಲ್ಲಿ ಆಗ ಮೂರು ತಿಂಗಳಿಂದ ಸಂಬಳ ಆಗಿರಲಿಲ್ಲ. ಏನಾಯಿತು ರಾತ್ರಿ ಅಂತ ಅವನನ್ನು ಕೇಳಿದವರು ಯಾರೂ ಇಲ್ಲ. ನಾನೂ ಕೇಳಲಿಲ್ಲ. ವಾರದ ಮೇಲೆ ಬೇರೆ ಮಾತಿನ ನಡುವೆ ಗೊತ್ತಾಯಿತು.

ಇನ್ನೊಬ್ಬರ ಕಥೆ ಇದಕ್ಕಿಂತ ಕಷ್ಟದ್ದು. ನಮ್ಮಲ್ಲಿ ಕೆಲಸ ಮಾಡುವ ಅನೇಕರು ಒಂದು ಕಾಲಕ್ಕೆ ಕುಡಿದು, ಬಿಟ್ಟವರು. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಸಂಘ, ಆಲ್ಕೋಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದೇ ಕುಡಿತ ಬಿಡಲು ಹೊರಟ ಇಬ್ಬರು ಎದುರು ಬದುರು ಕೂತು ಮಾತಾಡಿದ್ದರಿಂದ. ಅನುಭವಿಸಿದವನ ಮಾತಿಗೆ ಇರುವ ತೂಕ ಸಮಾಜಕಾರ್ಯದ ನಮ್ಮ ಎಂಎಸ್‌ಡಬ್ಲ್ಯು ಪದವಿಗೆ ಇಲ್ಲ. ಹಾಗಾಗಿ ಅಂಥವರ ಮೇಲೆ ಹೆಚ್ಚು ಹೊರೆ ಬೀಳುತ್ತದೆ. ನನ್ನ ಸಹೋದ್ಯೋಗಿ ಒಬ್ಬರು ಒಂಬತ್ತು ವರ್ಷ ಮುಟ್ಟದೆ ಇದ್ದವರು. ವಾರಕ್ಕೆ ನಾಲ್ಕು ಸಭೆ ನಡೆಸುತ್ತಿದ್ದರು, ತಮಗಾಗಿ ಒಂದಕ್ಕೂ ಹೋಗುತ್ತಿರಲಿಲ್ಲ. ಯಾವಾಗ ಹೋಗಬೇಕು? ಅಡಿಗೆಯವನು ಉಪವಾಸ ಬಿದ್ದ ಹಾಗೆ. ಒಂದು ದೀಪಾವಳಿಯ ಮರುದಿನ ಅವರು ಕುಡಿದರು. ಆಡಳಿತದವರು ಅದೇ ಸಂಜೆ ಕೆಲಸದಿಂದ ತೆಗೆದರು. ರೋಗಿ ಮತ್ತೆ ಕುಡಿದರೆ "ಇದು ಕಾಯಿಲೆಯ ಸ್ವಭಾವ, ಬೇಸರ ಮಾಡ್ಕೋಬೇಡಿ" ಅಂತ ಗೋಡೆಯ ಮೇಲೆ ಬೋರ್ಡು ಹಾಕಿದ್ದ ಕಟ್ಟಡ ಅದು. ಬೋರ್ಡಿನ ಕೆಳಗೇ ನಿಂತು ಅವರು ತಮ್ಮ ಟಿಫಿನ್ ಕ್ಯಾರಿಯರ್ ತೆಗೆದುಕೊಂಡು ಹೋದರು. ನಾವು ಯಾರೂ ಬಾಯಿ ಬಿಡಲಿಲ್ಲ.

ರೋಗಿಗಳ ಸಾವಿನ ಬಗ್ಗೆ ಮಾತಾಡುತ್ತೇನೆ ಅಂತ ಟಿಪ್ಪಣಿ ಮಾಡಿಕೊಂಡು ಬಂದಿದ್ದೆ. ಆಗುತ್ತಿಲ್ಲ. ಇಷ್ಟು ಹೇಳುತ್ತೇನೆ: ಮಣ್ಣಿಗೆ ಹೋಗಬೇಕು ಅನ್ನಿಸಿದರೆ ಹೋಗಿ. ವೃತ್ತಿಯ ಮರ್ಯಾದೆ ಅಂತ ತಡೆದುಕೊಳ್ಳಬೇಡಿ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಒಮ್ಮೆ ನಮ್ಮ ಸಂಸ್ಥೆಯವರು ನಮ್ಮ ಒತ್ತಡ ಕಡಿಮೆ ಮಾಡಲು ಒಂದು ದಿನದ ಕಾರ್ಯಾಗಾರ ಇಟ್ಟರು. ಭಾನುವಾರ. ಹಾಜರಿ ಕಡ್ಡಾಯ. ಹತ್ತು ಸಲ ಉಸಿರು ಎಳೆದು ಬಿಡಿ ಅಂದರು, ಎಳೆದು ಬಿಟ್ಟೆವು. ಸೋಮವಾರ ಅದೇ ನಲವತ್ತು ಫೈಲು. ಪ್ರಾಣಾಯಾಮದ ಮೇಲೆ ನನಗೆ ದ್ವೇಷವಿಲ್ಲ, ಬೆಳಿಗ್ಗೆ ನಾನೂ ಮಾಡುತ್ತೇನೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೇ ಆವೃತ್ತಿಯಲ್ಲಿ ಬರ್ನ್‌ಔಟನ್ನು ಸೇರಿಸಿದಾಗ, 2019ರಲ್ಲಿ, ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತು. ಇದು ಕಾಯಿಲೆಯಲ್ಲ, ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದಾಗ ಹುಟ್ಟುವ ಸ್ಥಿತಿ. ಅಂದಮೇಲೆ ಪರೀಕ್ಷೆ ಮಾಡಿಸಿಕೊಳ್ಳಬೇಕಾದ್ದು ಕೆಲಸದ ಜಾಗ. ರಾತ್ರಿ ಪಾಳಿಗೆ ಎಷ್ಟು ಜನ ಇದ್ದಾರೆ, ಸಂಬಳ ಎಂದು ಆಗುತ್ತದೆ, ಒಬ್ಬ ಕೌನ್ಸೆಲರಿಗೆ ಎಷ್ಟು ಫೈಲು, ಹೊಡೆತ ತಿಂದವನನ್ನು ಮರುದಿನ ಯಾರು ಮಾತಾಡಿಸುತ್ತಾರೆ.

ಇಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಕೋಟೆ ಇದೆ. ಓಬವ್ವನ ಕಿಂಡಿ ನೋಡಿ ಫೋಟೊ ತೆಗೆಸಿಕೊಂಡು ವಾಪಸ್ ಬರುವುದು ವಾಡಿಕೆ. ಇನ್ನೊಂದು ಸಲ ಹೋದಾಗ ಹೊಂಡಗಳನ್ನು ನೋಡಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಹೆಚ್ಚಿನ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಹಾಗೇ ಇಳಿಯುತ್ತ ಊರಿನ ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ. ಮಳೆ ಕಡಿಮೆಯ ಈ ಬಂಡೆಗಳ ನಡುವೆಯೂ ಕಟ್ಟಿದವರು ಒಂದೇ ಹೊಂಡದ ಮೇಲೆ ಎಲ್ಲವನ್ನೂ ಹೊರಿಸಲಿಲ್ಲ. ತುಂಬಿದ್ದು ಎಲ್ಲಿಗೆ ಹೋಗಬೇಕು ಅಂತ ಮೊದಲೇ ದಾರಿ ಮಾಡಿದ್ದರು.

ನಮ್ಮಲ್ಲಿ ಅಂಥ ದಾರಿ ಅಂದರೆ ವಾರಕ್ಕೊಮ್ಮೆ, ಗುರುವಾರ ಮಧ್ಯಾಹ್ನ, ಒಂದು ಗಂಟೆ. ಅಟೆಂಡರಿಂದ ಹಿಡಿದು ಸೈಕಿಯಾಟ್ರಿಸ್ಟ್‌ವರೆಗೆ ಎಲ್ಲರೂ. ಮಂಡಕ್ಕಿ ಮಿರ್ಚಿ ತರಿಸುತ್ತೇವೆ, ದಾವಣಗೆರೆಯಲ್ಲಿ ಅದಿಲ್ಲದೆ ಸಭೆ ಕೂಡುವುದಿಲ್ಲ. ಈ ವಾರ ಯಾವ ರೋಗಿಯನ್ನು ಕಂಡರೆ ಓಡಿಹೋಗಬೇಕು ಅನ್ನಿಸಿತು ಅಂತ ಒಬ್ಬೊಬ್ಬರೂ ಹೇಳಬೇಕು. ಹೇಳಿದವರ ಕೈಯಿಂದ ಆ ಫೈಲನ್ನು ಒಂದು ತಿಂಗಳ ಮಟ್ಟಿಗೆ ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ. ನಾಚಿಕೆಯಿಲ್ಲ, ವಿವರಣೆಯಿಲ್ಲ. ಮೊದಲ ಎರಡು ತಿಂಗಳು ಯಾರೂ ಬಾಯಿ ಬಿಡಲಿಲ್ಲ, ಮಿರ್ಚಿ ತಿಂದು ಎದ್ದು ಹೋದರು. ಕೊನೆಗೆ ನಾನು ರೆಕಾರ್ಡ್ ರೂಮಿನ ಕಥೆ ಹೇಳಿದ ಮೇಲೆ ಶುರುವಾಯಿತು.

ಒಬ್ಬರೇ ಕೆಲಸ ಮಾಡುವವರು ಇದ್ದೀರಿ, ತಾಲ್ಲೂಕು ಆಸ್ಪತ್ರೆಗಳಲ್ಲಿ, ಮದ್ಯವರ್ಜನ ಶಿಬಿರಗಳಲ್ಲಿ. ನಿಮಗೆ ಈ ಗುರುವಾರ ಇಲ್ಲ. ನಿಮ್ಹಾನ್ಸ್‌ನವರು ವರ್ಚುವಲ್ ನಾಲೆಡ್ಜ್ ನೆಟ್‌ವರ್ಕ್ ಅಂತ ನಡೆಸುತ್ತಾರೆ. ದೂರದ ಊರಿನವರು ವಿಡಿಯೊದಲ್ಲಿ ತಮ್ಮ ಕೇಸು ಹೇಳಿ ಚರ್ಚಿಸುವ ಏರ್ಪಾಡು. ಕಲಿಯುವುದಕ್ಕೆ ಸೇರಿ ಅನ್ನುತ್ತಾರೆ. ನಾನು ಹೇಳುವುದು, ನಿಮ್ಮಂತೆಯೇ ಒಬ್ಬಂಟಿಯಾಗಿ ಕೂತ ಇನ್ನೊಂದು ಮುಖ ಪರದೆಯ ಮೇಲೆ ಕಾಣುವುದಕ್ಕಾದರೂ ಸೇರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅನ್ನುವ ಯೋಜನೆ ಇಡೀ ದೇಶಕ್ಕೆ ಹೋದದ್ದು ನಮ್ಮ ಪಕ್ಕದ ಬಳ್ಳಾರಿಯ ಮಾದರಿಯಿಂದ. ದೊಡ್ಡ ಆಸ್ಪತ್ರೆಯ ಕೆಲಸ ಸಣ್ಣ ಊರಿನವರ ಕೈಗೆ ಬಂತು, ಒಳ್ಳೆಯದಾಯಿತು. ಆ ಸಣ್ಣ ಊರಿನವರ ಬೆನ್ನಿಗೆ ಯಾರು ಅನ್ನುವ ಪ್ರಶ್ನೆಯನ್ನು ಮಾತ್ರ ಅಲ್ಲೇ ಬಿಟ್ಟೆವು.

ಸಮಯ ಮೀರಿದೆ ಅಂತ ಚೀಟಿ ಬಂದಿದೆ. ಪ್ರಶ್ನೆ ಇದ್ದರೆ ಕೇಳಿ.

(ಎರಡು ಮೂರು ಪ್ರಶ್ನೆ ಬಂದವು. ಒಬ್ಬ ವಿದ್ಯಾರ್ಥಿ ಈ ಕ್ಷೇತ್ರಕ್ಕೆ ಬರಬೇಕೋ ಬೇಡವೋ ಅಂದ. ಬಾ, ಆದರೆ ಮೊದಲ ಕೆಲಸಕ್ಕೆ ಸೇರುವ ಮುನ್ನ ಅಲ್ಲಿಯ ಅ‍ಟೆಂಡರನ್ನು ಮಾತಾಡಿಸಿ ನೋಡು ಅಂದೆ. ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ಹೆಂಗಸಿನದು.)

"ನಿಮಗೆ ಐದಕ್ಕೆ ಡ್ಯೂಟಿ ಮುಗಿಯುತ್ತೆ ಮೇಡಂ. ರಜಾನೂ ಐತೆ, ಗುರುವಾರ ಮಿರ್ಚೀನೂ ಐತೆ. ನಮಗೆ?"

ಸಭೆ ಸುಮ್ಮನಾಯಿತು. ನನ್ನ ಬಳಿ ಉತ್ತರ ಇರಲಿಲ್ಲ. ಮನೆಯವರಿಗೂ ಗುಂಪುಗಳಿವೆ, 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು ಅಂತೆಲ್ಲ ಹೇಳಿದೆ. ಅವರು ತಲೆಯಾಡಿಸಿ ಕೂತರು.

ಕಾರ್ಯಕ್ರಮ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಮತ್ತೆ ಸಿಕ್ಕರು. ಹೊಸದುರ್ಗದ ಕಡೆಯ ಹಳ್ಳಿ. ಯಜಮಾನರು ಮೊನ್ನೆಯಿಂದ ತಾವಾಗಿಯೇ ಬಿಟ್ಟಿದ್ದಾರೆ, ಈ ಸಲ ಖಂಡಿತ ಅಂತ ದೇವರ ಮುಂದೆ ಆಣೆ ಮಾಡಿದ್ದಾರೆ. ಬೆಳಿಗ್ಗೆಯಿಂದ ಮೈ ಪೂರ್ತಿ ಬೆವರು, ಕೈ ನಿಲ್ಲುತ್ತಿಲ್ಲ, ಗೋಡೆಯ ಮೇಲೆ ಹುಳ ಹರಿದಾಡುತ್ತವೆ ಅನ್ನುತ್ತಾರೆ. ಅತ್ತೆಯನ್ನು ಕಾವಲಿಗೆ ಬಿಟ್ಟು, ಇಲ್ಲಿ ಯಾರೋ ದೊಡ್ಡ ಡಾಕ್ಟರು ಬರ್ತಾರಂತೆ ಕೇಳೋಣ ಅಂತ ಬಂದಿದ್ದಾರೆ. ನಾನು ಡಾಕ್ಟರೂ ಅಲ್ಲ. ಇದು ಕಾಯುವ ಕೇಸಲ್ಲ ಅಂತ ಮಾತ್ರ ಗೊತ್ತಿತ್ತು. 108ಕ್ಕೆ ಫೋನ್ ಹಚ್ಚಿದೆ. ಊರಿನ ಗುರುತು ಹೇಳಲು ಫೋನನ್ನು ಅವರ ಕೈಗೆ ಕೊಟ್ಟೆ. ಅವರ ಕೈಯೂ ನಡುಗುತ್ತಿತ್ತು.

ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಸಿಸ್ಟರ್, ಇಲ್ಲಿಯ ಆಸ್ಪತ್ರೆಯವರು, ಚಪ್ಪಲಿ ಮೆಟ್ಟುತ್ತ ಬಂದವರು ನಿಂತು ಕೇಳಿಸಿಕೊಂಡರು. ಕ್ಯಾಷುವಾಲಿಟಿಗೆ ಫೋನ್ ಮಾಡಿ ಒಂದು ಬೆಡ್ ಇಡಲು ಹೇಳಿದರು. ಪೇಷೆಂಟಿನ ಹೆಸರೇನು ಅಂತ ಆ ಹೆಂಗಸನ್ನು ಕೇಳಿ, ಹೆಸರನ್ನೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಬಸ್ಸಿಗೆ ಹೊತ್ತಾಯ್ತು, ಹೊರಡ್ರಿ ಮೇಡಂ. ಇವರ ಜೊತೆ ನಾನಿರ್ತೀನಿ" ಅಂದರು.

ಒಂದು ಕ್ಷಣ ನಿಂತೆ. ನಂತರ ನಂಬರ್ ಬರೆದುಕೊಟ್ಟು, ಶಾಲು, ಹಣ್ಣಿನ ಬುಟ್ಟಿ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ.